ನಾಯಿ ತರಬೇತಿಯ ಕ್ಲಿಕ್ಕರ್ ಸೆಟ್: ಸಾಮಾನು ಒಳ್ಳೆಯದು, ಜೊತೆಗಿರುವ ಚೀಟಿ ಲಂಚ ಕಲಿಸುತ್ತದೆ

ಆನ್‌ಲೈನ್‌ನಲ್ಲಿಯೂ ದೊಡ್ಡ ಪೆಟ್ ಶಾಪ್‌ಗಳಲ್ಲಿಯೂ ಈಗ ಸುಲಭವಾಗಿ ಸಿಗುವ ಸೆಟ್ ಇದು. ಒಳಗೆ ನಾಲ್ಕು ಸಾಮಾನು: ಒಂದು ಕ್ಲಿಕ್ಕರ್ (ಒತ್ತಿದರೆ ‘ಟಕ್’ ಎನ್ನುವ ಪುಟ್ಟ ಸಾಧನ), ಸೊಂಟಕ್ಕೆ ಕಟ್ಟಿಕೊಳ್ಳುವ ತಿನಿಸಿನ ಚೀಲ, ಮೆತ್ತನೆಯ ತಿನಿಸಿನ ಸಣ್ಣ ಪ್ಯಾಕೆಟ್, ಬಳಸುವ ಕ್ರಮ ಅಚ್ಚಾದ ಚೀಟಿ. ಮೇಲಿನ ಹೆಸರು ಬೇರೆಯಾದರೂ ಅಗ್ಗದ ಸೆಟ್‌ಗಳ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಕ್ಲಿಕ್ಕರ್‌ಗೆ ಪೂರ್ತಿ ಅಂಕ ಕೊಡಬಹುದು, ಚೀಲಕ್ಕೆ ಅರ್ಧ. ತಿನಿಸಿನ ಪ್ಯಾಕೆಟ್ ಇಲ್ಲದಿದ್ದರೂ ನಡೆಯುತ್ತದೆ. ಚೀಟಿಯನ್ನು ಮಾತ್ರ ತೆಗೆದು ಪಕ್ಕಕ್ಕಿಡಿ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಲ್ಲಿ ‘ತಿನ್ನೋಕೆ ಕೊಟ್ಟರೆ ಮಾತ್ರ ಮಾತು ಕೇಳ್ತದ, ಇಲ್ಲಾಂದ್ರ ತಿರುಗಿ ನೋಡಂಗಿಲ್ಲ’ ಎಂಬ ದೂರು ಹುಟ್ಟುವುದು ಆ ಚೀಟಿಯಲ್ಲಿರುವಂಥ ಕ್ರಮದಿಂದಲೇ.

ಇಂಥ ಚೀಟಿಗಳು ಹೇಳುವುದು ಇಷ್ಟು: ತಿನಿಸನ್ನು ಮೂಗಿನ ಮುಂದೆ ಹಿಡಿಯಿರಿ, ಆಜ್ಞೆ ಹೇಳಿ, ಮಾಡಿದರೆ ಕೊಡಿ. ಮೊದಲ ದಿನ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿಯೇ ಜನ ನಂಬುತ್ತಾರೆ. ತಿಂಗಳಾದ ಮೇಲೂ ಹಾಗೇ ಮಾಡುತ್ತಿದ್ದರೆ ನಾಯಿ ಕಲಿತಿರುವುದು ‘ಕುಂದ್ರು’ ಎಂಬ ಮಾತನ್ನಲ್ಲ, ಕೈಯಲ್ಲಿ ಏನಿದೆ ಎಂದು ನೋಡುವುದನ್ನು. ಚಿಕನ್ ಇದ್ದರೆ ಕೂರುತ್ತದೆ. ಒಣ ರೊಟ್ಟಿಯಾದರೆ ಯೋಚಿಸುತ್ತದೆ. ಕೈ ಖಾಲಿಯಿದ್ದರೆ ಗೇಟಿನ ಕಡೆ ಹೊರಡುತ್ತದೆ.

ಲಂಚಕ್ಕೂ ಬಹುಮಾನಕ್ಕೂ ಬಳಕೆಯಾಗುವುದು ಅದೇ ಚಿಕನ್ ತುಂಡು. ಅದು ಯಾವಾಗ ಕಣ್ಣಿಗೆ ಬಿತ್ತು ಎನ್ನುವುದರಲ್ಲಿ ವ್ಯತ್ಯಾಸವಿದೆ. ಕೆಲಸಕ್ಕೆ ಮೊದಲೇ ಕಂಡರೆ ನಾಯಿ ಚೌಕಾಶಿಗೆ ಇಳಿಯುತ್ತದೆ: ಇದು ನನಗೆ ಸಾಕೇ, ಗೇಟಿನಾಚೆಯ ಬೆಕ್ಕು ಇದಕ್ಕಿಂತ ಚೆಂದವೇ? ಕಾಣದೆ ಇದ್ದು, ಕೆಲಸ ಮುಗಿದ ಮರುಕ್ಷಣ ಬಂದರೆ ಚೌಕಾಶಿಗೆ ಜಾಗವಿಲ್ಲ. ಈಗ ತಾನೇ ಮಾಡಿದ ಕೆಲಸವೇ ಲಾಭದ ಕೆಲಸ ಎಂದು ಗಟ್ಟಿಯಾಗುತ್ತದೆ. ಪ್ರಾಣಿಗಳ ಕಲಿಕೆಯನ್ನು ಅಭ್ಯಾಸ ಮಾಡಿದ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗದ ಪೆಟ್ಟಿಗೆಯಲ್ಲಿ ಇಲಿ ಸನ್ನೆಗೋಲು ಒತ್ತಿದ ಮೇಲೆ ಕಾಳು ಬೀಳುತ್ತಿತ್ತೇ ಹೊರತು, ಕಾಳು ತೋರಿಸಿ ಸನ್ನೆಗೋಲು ಒತ್ತಿಸುತ್ತಿರಲಿಲ್ಲ.

ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟ ಹತ್ತಿದವರಿಗೆ ಇದರ ಕೆಟ್ಟ ರೂಪ ಗೊತ್ತಿರುತ್ತದೆ. ಕೋತಿ ಕೈಚೀಲವನ್ನೋ ಕನ್ನಡಕವನ್ನೋ ಕಿತ್ತುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಜನ ಬಾಳೆಹಣ್ಣು ತೋರಿಸುತ್ತಾರೆ. ಕೊಟ್ಟವರ ಲೆಕ್ಕದಲ್ಲಿ ಆ ಹಣ್ಣು ಕನ್ನಡಕ ಬಿಟ್ಟಿದ್ದಕ್ಕೆ. ಕೋತಿಯ ಲೆಕ್ಕದಲ್ಲಿ ಕಿತ್ತಿದ್ದಕ್ಕೆ. ಮುಂದೆ ಮೆಟ್ಟಿಲು ಹತ್ತಿ ಬರುವವರ ಕನ್ನಡಕಕ್ಕೆ ಬೆಲೆ ಕಟ್ಟಿದಂತಾಯಿತು.

ಮನೆಯಲ್ಲಿ ಇದೇ ನಡೆಯುವುದು ಗೇಟಿನ ಬಳಿ. ಹಾಲಿನವರು ಬರುತ್ತಾರೆ, ನಾಯಿ ಬೊಗಳುತ್ತದೆ, ಒಳಗಿನಿಂದ ಯಾರೋ ಬಿಸ್ಕತ್ ಡಬ್ಬಿ ಅಲ್ಲಾಡಿಸಿ ಕರೆಯುತ್ತಾರೆ, ನಾಯಿ ಓಡಿ ಬಂದು ತಿನ್ನುತ್ತದೆ. ಬೊಗಳುವುದು ನಿಂತಿತು ಎಂದು ಮನೆಯವರಿಗೆ ಸಮಾಧಾನ. ಆದರೆ ಸರಣಿಯನ್ನು ಮೊದಲಿನಿಂದ ನೋಡಿ: ಬೊಗಳಿದೆ, ಡಬ್ಬಿ ಸದ್ದಾಯಿತು, ಬಿಸ್ಕತ್ ಬಂತು. ವಾರದೊಳಗೆ ನಾಯಿ ಹಾಲಿನವರು ಬರದಿದ್ದರೂ ಗೇಟಿಗೆ ಹೋಗಿ ಎರಡು ಸಲ ಬೊಗಳಿ, ಅಡುಗೆಮನೆ ಕಡೆ ತಿರುಗಿ ನೋಡಲು ಶುರು ಮಾಡುತ್ತದೆ. ಇಲ್ಲಿ ತಿನಿಸು ಬರಬೇಕಾದದ್ದು ಬೊಗಳುವ ಮುಂಚಿನ ಅರೆಕ್ಷಣದಲ್ಲಿ: ಕಿವಿ ನೆಟ್ಟಗಾಗಿ, ಕಣ್ಣು ಗೇಟಿನ ಮೇಲಿದ್ದು, ಬಾಯಿ ಇನ್ನೂ ಮುಚ್ಚಿರುವಾಗ. ಆ ಅರೆಕ್ಷಣವನ್ನು ಕೈಯಿಂದ ಹಿಡಿಯಲಾಗುವುದಿಲ್ಲ. ಕ್ಲಿಕ್ಕರ್ ಬೇಕಾಗುವುದು ಅದಕ್ಕೇ.

ಕ್ಲಿಕ್ಕರ್

ಪ್ಲಾಸ್ಟಿಕ್ ಗೂಡಿನೊಳಗೆ ಬಾಗಿದ ತೆಳು ಸ್ಟೀಲ್ ಪಟ್ಟಿ. ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ‘ಟಕ್’ ಎನ್ನುತ್ತದೆ. ಬರೀ ಇಷ್ಟೇ. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಬ್ರೆಲ್ಯಾಂಡ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲೇ ಪ್ರಾಣಿಗಳ ತರಬೇತಿಯಲ್ಲಿ ಇಂಥ ಗುರುತಿನ ಸದ್ದನ್ನು ಬಳಸುತ್ತಿದ್ದರು. ಸಾಮಾನ್ಯ ಸಾಕುನಾಯಿಗಳ ಮನೆಗೆ ಅದು ಹರಡಿದ್ದು 1990ರ ದಶಕದಲ್ಲಿ, ಪ್ರಾಣಿ ತರಬೇತುಗಾರ್ತಿ ಕ್ಯಾರೆನ್ ಪ್ರಯರ್ ಅವರ ಪ್ರಯತ್ನದಿಂದ. ಸದ್ದಿನ ಕೆಲಸ ಒಂದೇ: ‘ಈಗ ಮಾಡಿದೆಯಲ್ಲ, ಅದಕ್ಕೇ ತಿನಿಸು’ ಎಂದು ತೋರಿಸುವುದು. ತಿನಿಸು ಬಾಯಿಗೆ ತಲುಪಲು ಮೂರು ಸೆಕೆಂಡ್ ಹಿಡಿದರೂ ನಡೆಯುತ್ತದೆ, ಸದ್ದು ಮಾತ್ರ ಸರಿಯಾದ ಕ್ಷಣದಲ್ಲಿ ಬೀಳಬೇಕು.

ಸೆಟ್‌ನಲ್ಲಿ ಬರುವುದು ಎರಡು ಬಗೆ. ಚೌಕ ಡಬ್ಬಿಯದು ಜೋರು, ಗುಂಡಿಯದು ಮೆತ್ತಗೆ. ಮನೆಯೊಳಗೆ, ಮರಿಗೆ, ಪಟಾಕಿಗೆ ಹೆದರುವ ನಾಯಿಗೆ ಗುಂಡಿಯದೇ ಸರಿ. ಡಬ್ಬಿಯದೇ ಬಂದಿದ್ದರೆ ಕರವಸ್ತ್ರದಲ್ಲಿ ಸುತ್ತಿ ಜೇಬಿನೊಳಗೆ ಒತ್ತಿ; ಅದಕ್ಕೂ ಬೆಚ್ಚಿದರೆ ಬಾಲ್ ಪೆನ್ನಿನ ಟಕ್ ಸಾಕು. ಮಣಿಕಟ್ಟಿಗೆ ಹಾಕಿಕೊಳ್ಳುವ ಸುರುಳಿ ದಾರ ಇದೆಯೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಹಗ್ಗ, ತಿನಿಸು, ಕ್ಲಿಕ್ಕರ್ ಮೂರನ್ನೂ ಎರಡು ಕೈಯಲ್ಲಿ ಹಿಡಿಯುವ ಪೇಚಾಟ. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ಪಟ್ಟಿಯ ಸಂದಿಗೆ ಕೂತರೆ ಸದ್ದು ಮಂದವಾಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ. ಎಣ್ಣೆ ಹಾಕಬೇಡಿ, ಧೂಳು ಇನ್ನಷ್ಟು ಅಂಟುತ್ತದೆ.

ಬಳಸುವ ಮೊದಲು ಸದ್ದಿಗೆ ಅರ್ಥ ತುಂಬಬೇಕು. ಶಾಂತವಾದ ಕೋಣೆಯಲ್ಲಿ ಒಮ್ಮೆ ಟಕ್, ಆಮೇಲೆ ಒಂದು ತುಂಡು. ಹೀಗೆ ಹತ್ತು ಹದಿನೈದು ಸಲ, ದಿನಕ್ಕೆರಡು ಬಾರಿ, ಒಂದೆರಡು ದಿನ. ನಾಯಿ ಬೇರೆಲ್ಲೋ ನೋಡುತ್ತಿದ್ದಾಗ ಟಕ್ ಎನಿಸಿ. ತಕ್ಷಣ ನಿಮ್ಮ ಕಡೆ ತಿರುಗಿದರೆ ತಯಾರಾಗಿದೆ. ಇದಾದ ಮೇಲೆ ಮೂರು ನಿಯಮ ಮುರಿಯಬಾರದು. ಟಕ್ ಎಂದರೆ ತಿನಿಸು ಬರಲೇಬೇಕು, ಬೆರಳು ತಪ್ಪಿ ಒತ್ತಿದರೂ ಸಹ. ಒಂದು ಕೆಲಸಕ್ಕೆ ಒಂದೇ ಟಕ್. ಖುಷಿಯಲ್ಲಿ ನಾಲ್ಕು ಸಲ ಒತ್ತಿದರೆ ಯಾವುದಕ್ಕೆ ಎಂಬುದು ನಾಯಿಗೆ ಗೊತ್ತಾಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಮುರಿಯುವುದು: ನಾಯಿಯನ್ನು ಕರೆಯಲು ಟಕ್ ಎನಿಸಬಾರದು. ಬೀದಿಯಲ್ಲಿ ಕಸ ಕೆದಕುತ್ತಿರುವ ನಾಯಿಯನ್ನು ಟಕ್ ಮಾಡಿ ಕರೆದರೆ ಕಸ ಕೆದಕಿದ್ದಕ್ಕೆ ಬಹುಮಾನ ಘೋಷಿಸಿದಂತೆ.

ಚೀಲ

ಬಾಯಿಯಲ್ಲಿ ಸ್ಪ್ರಿಂಗ್ ಪಟ್ಟಿ ಇರುವ ಚೀಲ ತೆಗೆದರೆ ತೆರೆದೇ ಇರುತ್ತದೆ, ಒತ್ತಿದರೆ ಮುಚ್ಚುತ್ತದೆ. ಆಯಸ್ಕಾಂತದ್ದೂ ಪರವಾಗಿಲ್ಲ. ಅಗ್ಗದ ಸೆಟ್‌ಗಳಲ್ಲಿ ಹೆಚ್ಚಾಗಿ ಬರುವುದು ವೆಲ್ಕ್ರೋ ಅಥವಾ ದಾರ ಎಳೆಯುವ ಬಾಯಿ, ನಮ್ಮ ಮುಖ್ಯ ತಕರಾರು ಇದೇ. ವೆಲ್ಕ್ರೋ ‘ಚರ್ರ್’ ಎಂದ ಕೂಡಲೇ ನಾಯಿಗೆ ತಿನಿಸು ಕಂಡಷ್ಟೇ ಆಯಿತು. ‘ಕುಂದ್ರು’ ಎನ್ನುವ ಮೊದಲೇ ನೀವು ಚೀಲ ತೆರೆದಿದ್ದರೆ, ತೋರಿಸದೇ ಲಂಚ ತೋರಿಸಿದ್ದೀರಿ. ದಾರದ ಬಾಯಿಗೆ ಎರಡೂ ಕೈ ಬೇಕು, ಅಷ್ಟರಲ್ಲಿ ನಾಯಿ ಎದ್ದಿರುತ್ತದೆ. ಹಿಂಬದಿಯಲ್ಲಿ ಬರೀ ಕ್ಲಿಪ್ ಇರುವುದು ಪ್ಯಾಂಟಿಗಷ್ಟೇ ಸರಿ. ಸೀರೆ, ನೈಟಿ, ಲುಂಗಿ ಉಟ್ಟು ಬೆಳಗ್ಗೆ ನಾಯಿ ಹಿಡಿದು ಹೊರಡುವವರಿಗೆ ಬೇರೆ ಬೆಲ್ಟ್ ಇರುವ ಚೀಲವೇ ಬೇಕು.

ಕೈ ಚಲಿಸುವ ಅನುಕ್ರಮದಲ್ಲಿ ಬಹುತೇಕರು ಎಡವುತ್ತಾರೆ. ಮೊದಲು ಮಾತು. ಆಮೇಲೆ ನಾಯಿಯ ಕೆಲಸ. ಆಮೇಲೆ ಟಕ್. ಕೈ ಚೀಲದ ಕಡೆ ಹೋಗುವುದು ಟಕ್ ಆದ ಮೇಲೆ ಮಾತ್ರ. ಮಾತಿನ ಜೊತೆಗೇ ಕೈ ಸೊಂಟಕ್ಕೆ ಹೋದರೆ ನಾಯಿ ಕೈಯನ್ನು ಓದುತ್ತದೆ, ಮಾತನ್ನು ಕೇಳುವುದಿಲ್ಲ. ಮೊಬೈಲನ್ನು ಗೋಡೆಗೆ ಒರಗಿಸಿ ಒಂದು ನಿಮಿಷ ವಿಡಿಯೋ ಮಾಡಿ ನೋಡಿದರೆ ಈ ತಪ್ಪು ಎದ್ದು ಕಾಣುತ್ತದೆ. ನೋಡದೇ ಯಾರೂ ಒಪ್ಪುವುದಿಲ್ಲ.

ಚೀಲವೇ ಲಂಚವಾಗುವ ಅಪಾಯವೂ ಇದೆ. ಚೀಲ ಕಟ್ಟಿದರೆ ಪಾಠ, ಬಿಚ್ಚಿದರೆ ರಜೆ ಎಂದು ನಾಯಿ ವಾರದಲ್ಲೇ ಲೆಕ್ಕ ಹಾಕುತ್ತದೆ. ಹಾಗಾಗಿ ದಿನಕ್ಕೆ ಗಂಟೆಯಾದರೂ ಚೀಲ ಕಟ್ಟಿಕೊಂಡು ಪಾಠವಿಲ್ಲದೆ ಓಡಾಡಿ. ಉಳಿದ ಹೊತ್ತಿನಲ್ಲಿ ತಿನಿಸನ್ನು ಮುಚ್ಚಳದ ಡಬ್ಬಿಗಳಲ್ಲಿ ಹಾಕಿ ಟಿವಿ ಮೇಲಿನ ಗೂಡು, ಪಡಸಾಲೆಯ ಕಿಟಕಿ, ಅಡುಗೆಕಟ್ಟೆ ಹೀಗೆ ಮೂರು ಕಡೆ ಇಡಿ. ಖಾಲಿ ಕೈ, ಖಾಲಿ ಸೊಂಟ, ಕೂತಿತೋ, ಟಕ್, ಆಮೇಲೆ ಎದ್ದು ಹೋಗಿ ಡಬ್ಬಿಯಿಂದ ತಂದು ಕೊಡಿ. ಕಣ್ಣೆದುರಿಗೆ ಏನೂ ಇಲ್ಲದಾಗಲೂ ಮಾತು ಕೇಳಿದರೆ ಲಾಭವಿದೆ ಎಂದು ನಾಯಿಗೆ ಖಾತ್ರಿಯಾಗುವುದು ಹೀಗೆ.

ತಿನಿಸು

ಪ್ಯಾಕೆಟ್‌ನ ತುಂಡುಗಳು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಿರುತ್ತವೆ. ಬೇಕಾದದ್ದು ಬಟಾಣಿ ಕಾಳಿನಷ್ಟು. ಸಣ್ಣ ತಳಿಗೆ ಪುಟಾಣಿಯ ಅರ್ಧ ಬೇಳೆಯಷ್ಟು. ಎರಡು ಸೆಕೆಂಡಿನಲ್ಲಿ ನುಂಗಿ ಮತ್ತೆ ನಿಮ್ಮನ್ನು ನೋಡಬೇಕು, ಅಗಿಯುತ್ತಾ ಕೂರಬಾರದು.

ಮನೆಯಲ್ಲೇ ಮಾಡುವುದು ಲೇಸು. ಮೂಳೆ, ಚರ್ಮ ತೆಗೆದ 250 ಗ್ರಾಂ ಕೋಳಿಯ ಎದೆಮಾಂಸವನ್ನು ಉಪ್ಪು, ಖಾರ, ಅರಿಶಿನ, ಎಣ್ಣೆ ಯಾವುದೂ ಇಲ್ಲದ ನೀರಿನಲ್ಲಿ ಒಳಗಿನವರೆಗೆ ಬೇಯಿಸಿ, ಆರಿಸಿ, ಒರೆಸಿ, ಬಟಾಣಿ ಗಾತ್ರಕ್ಕೆ ಕತ್ತರಿಸಿ. 50 ಗ್ರಾಂನ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ. ದಿನದ ತಿನಿಸು ಒಟ್ಟು ಊಟದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. 20 ಕೆ.ಜಿ. ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 1000 ಕಿಲೊಕ್ಯಾಲೊರಿ ಬೇಕೆಂದು ಹಿಡಿದರೆ ತಿನಿಸಿಗೆ 100, ಅಂದರೆ ಬೇಯಿಸಿದ ಎದೆಮಾಂಸ ಸುಮಾರು 60 ಗ್ರಾಂ. ಬಟಾಣಿ ಗಾತ್ರಕ್ಕೆ ಕತ್ತರಿಸಿದರೆ ಅದರಲ್ಲಿ ನೂರಕ್ಕೂ ಹೆಚ್ಚು ತುಂಡು ಬರುತ್ತವೆ, ಒಂದು ದಿನದ ಪಾಠಕ್ಕೆ ಧಾರಾಳ.

ಕುರಿ ಲಿವರ್‌ಗೆ ನಾಯಿಗಳು ಪ್ರಾಣ ಬಿಡುತ್ತವೆ, ಆದರೆ ಹೆಚ್ಚಾದರೆ ಭೇದಿ. ಕಷ್ಟದ ಪಾಠಕ್ಕೆ ಮಾತ್ರ ನಾಲ್ಕೈದು ಚೂರು ಮೀಸಲಿಡಿ. ಖಡಕ್ ಜೋಳದ ರೊಟ್ಟಿ ಎಲ್ಲರ ಮನೆಯಲ್ಲೂ ಇದೆ, ಆದರೆ ಪಾಠಕ್ಕೆ ಒಗ್ಗುವುದಿಲ್ಲ: ಕಡಿದಾಗ ಪುಡಿ ಉದುರುತ್ತದೆ, ನಾಯಿ ನೆಲ ಮೂಸುತ್ತಾ ನಿಮ್ಮನ್ನು ಮರೆಯುತ್ತದೆ. ಮೆತ್ತನೆ ಬಿಸಿರೊಟ್ಟಿಯ ಚೂರು ಪರವಾಗಿಲ್ಲ. ಸಪ್ಪೆ ಮಂಡಕ್ಕಿ ಮನೆಯೊಳಗಿನ ಸುಲಭ ಪಾಠಕ್ಕೆ ಸಾಕು, ಫ್ಯಾನ್ ಆರಿಸಿರಿ. ವಗ್ಗಾಣಿಯಲ್ಲಿ ಉಳಿದದ್ದನ್ನು ಹಾಕಬೇಡಿ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಹುದು. ತೋಟದ ಮನೆಗಳಲ್ಲಿ ನೆಲಕ್ಕೆ ಬಿದ್ದ ಹಣ್ಣಿನ ಬಗ್ಗೆಯೂ ಎಚ್ಚರ ಬೇಕು. ಚಾಕೊಲೇಟ್ ಬೇಡವೇ ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಬೇಯಿಸಿದ ಮಾಂಸ ಚೀಲದಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಉಳಿದದ್ದನ್ನು ಮತ್ತೆ ಫ್ರಿಜ್‌ಗೆ ಇಡದೆ ಎಸೆಯಿರಿ, ಚೀಲದ ಒಳಪದರವನ್ನು ಅಂದೇ ತೊಳೆಯಿರಿ, ಇಲ್ಲದಿದ್ದರೆ ರಾತ್ರಿ ಇರುವೆ ಸಾಲು. ಆ ಕಾಲದಲ್ಲಿ ಪಾಠ ಬೆಳಗ್ಗೆ 7ರ ಒಳಗೆ, ಇಲ್ಲವೇ ನೆಲ ತಣಿದ ಮೇಲೆ ರಾತ್ರಿ. ಇಷ್ಟದ ತಿನಿಸನ್ನೂ ಮುಟ್ಟದ ನಾಯಿಯನ್ನು ಹಟಮಾರಿ ಎಂದು ಬೈಯಬೇಡಿ. ಸೆಖೆಗೋ ಹೆದರಿಕೆಗೋ ಹಾಗಾಗಿರಬಹುದು, ಪಾಠ ನಿಲ್ಲಿಸಿ ನೀರು, ನೆರಳು ಕೊಡಿ.

ಆಮಿಷ ಎಲ್ಲಿಯವರೆಗೆ

ತಿನಿಸು ತೋರಿಸುವುದೇ ತಪ್ಪು ಎಂದಲ್ಲ. ಹೊಸ ಭಂಗಿ ಕಲಿಸುವಾಗ ಮೊದಲ ಕೆಲವು ಸಲ ಮೂಗನ್ನು ತಿನಿಸಿನಿಂದ ನಡೆಸಬೇಕಾಗುತ್ತದೆ. ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಬರಮಾಡಿಕೊಳ್ಳುತ್ತಾರಲ್ಲ, ಅದು ಶುದ್ಧ ಆಮಿಷ. ಅಲ್ಲಿ ಕರಡಿಗೆ ಏನನ್ನೂ ಕಲಿಸಬೇಕಿಲ್ಲ, ವೀಕ್ಷಣಾ ಗೋಪುರಕ್ಕೆ ಕಾಣುವಂತೆ ಬಂದರೆ ಸಾಕು, ಹಾಗಾಗಿ ದಿನವೂ ಸವರಿದರೂ ತೊಂದರೆಯಿಲ್ಲ. ಬೆಲ್ಲ ಇಲ್ಲದ ದಿನವೂ ಬಾ ಎಂಬ ಒಪ್ಪಂದ ಕರಡಿಯ ಜೊತೆ ಯಾರೂ ಮಾಡಿಕೊಂಡಿಲ್ಲ. ನಾಯಿಯ ಜೊತೆ ನಮಗೆ ಬೇಕಿರುವುದು ಅದೇ ಒಪ್ಪಂದ. ಆದ್ದರಿಂದ ಆಮಿಷಕ್ಕೆ ಮೊದಲೇ ಕೊನೆಯ ದಿನ ಗೊತ್ತುಮಾಡಬೇಕು.

ಕೂರಿಸುವ ಪಾಠ ತೆಗೆದುಕೊಳ್ಳಿ. ತುಂಡನ್ನು ಮೂಗಿನ ಬಳಿಯಿಂದ ತಲೆಯ ಹಿಂದಕ್ಕೆ ನಿಧಾನವಾಗಿ ಒಯ್ಯಿರಿ. ಮೂಗು ಮೇಲೆದ್ದರೆ ಹಿಂಭಾಗ ನೆಲಕ್ಕೆ ಇಳಿಯುತ್ತದೆ. ಇಳಿದ ಕ್ಷಣ ಟಕ್. ಕೈ ತೀರಾ ಎತ್ತರಿಸಿದರೆ ನಾಯಿ ಜಿಗಿಯುತ್ತದೆ, ಬೇಗ ಒಯ್ದರೆ ಹಿಂದಕ್ಕೆ ನಡೆಯುತ್ತದೆ. ಹೀಗೆ ಮೂರೇ ಸಲ. ನಾಲ್ಕನೆಯದಕ್ಕೆ ಅದೇ ಕೈ, ಅದೇ ಚಲನೆ, ಬೆರಳುಗಳ ನಡುವೆ ಮಾತ್ರ ಏನೂ ಇಲ್ಲ. ಕೂತರೆ ಟಕ್, ತಿನಿಸು ಇನ್ನೊಂದು ಕೈಯಿಂದ. ಇದು ಪಳಗಿದ ಮೇಲೆ ಸನ್ನೆಗೆ ಅರ್ಧ ಸೆಕೆಂಡ್ ಮುಂಚೆ ‘ಕುಂದ್ರು’ ಸೇರಿಸಿ, ದಿನಗಳೆದಂತೆ ಸನ್ನೆ ಚಿಕ್ಕದಾಗಲಿ. ಮನೆಯಲ್ಲಿ ಒಬ್ಬರು ‘ಕುಂದ್ರು’, ಒಬ್ಬರು ‘ಕೂತ್ಕೊ’, ಮಕ್ಕಳು ‘ಸಿಟ್’ ಎಂದರೆ ನಾಯಿಗೆ ಅವು ಮೂರು ಬೇರೆ ಪಾಠ. ಒಂದೇ ಮಾತು ಆರಿಸಿ ಗೋಡೆಗೆ ಬರೆದು ಅಂಟಿಸಿ.

ಐದರಲ್ಲಿ ನಾಲ್ಕು ಸಲ ಸರಿ ಬಂದರೆ ಮುಂದಿನ ಹಂತ: ಕೋಣೆಯಿಂದ ಅಂಗಳ, ಅಂಗಳದಿಂದ ಗೇಟು, ಆಮೇಲೆ ಬೀದಿ. ಪ್ರತಿ ಹೊಸ ಜಾಗದಲ್ಲೂ ಒಂದು ಹಂತ ಹಿಂದಿನಿಂದ ಶುರು. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲವೂ ಟಕ್ ಬೇಡ. ಎರಡಕ್ಕೊಂದು, ಐದಕ್ಕೊಂದು, ಮತ್ತೆ ಎರಡಕ್ಕೊಂದು, ನಾಯಿಗೆ ಲೆಕ್ಕ ಸಿಗದಂತೆ. ಯಾವಾಗ ಬರುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ಹೆಚ್ಚು ಕಾಲ ದುಡಿಯುತ್ತವೆ ಎಂಬುದು ಸ್ಕಿನ್ನರ್ ತೋರಿಸಿಕೊಟ್ಟ ಮಾತು.

ಮುಧೋಳ ನಾಯಿ ಸಾಕಿದವರಿಗೆ ಈ ಸೆಟ್ ಅರ್ಧ ಮಾತ್ರ ಉಪಯೋಗ. ಕಣ್ಣಿನಿಂದ ಬೇಟೆಯಾಡುವ ತಳಿ ಅದು, ಹೊಟ್ಟೆಬಾಕನಲ್ಲ. ಮೊಲ ಓಡುವಾಗ ಚಿಕನ್ ಅದಕ್ಕೆ ಕಾಣಿಸುವುದೇ ಇಲ್ಲ. ಬಹುಮಾನ ಯಾವುದೆಂದು ತೀರ್ಮಾನಿಸುವುದು ನಾಯಿ, ಅಂಗಡಿಯಲ್ಲ. ನಾಲ್ಕೈದು ಅಡಿಯ ಬಿದಿರು ಕೋಲಿಗೆ ಅಷ್ಟೇ ಉದ್ದದ ಹಗ್ಗ, ತುದಿಗೆ ಹಳೆ ಬಟ್ಟೆಯ ಗಂಟು ಕಟ್ಟಿ. ಗಂಟು ನಿಮ್ಮ ಬೆನ್ನ ಹಿಂದೆ ಇರಲಿ. ಕರೆದಾಗ ಬಂತೋ, ಟಕ್, ಆಮೇಲೆ ಗಂಟು ನೆಲದ ಮೇಲೆ ಓಡಲಿ, ಅರ್ಧ ನಿಮಿಷ ಅಟ್ಟಿಸಿಕೊಂಡು ಹಿಡಿಯಲಿ. ಒಟ್ಟು ಎರಡು ಮೂರು ನಿಮಿಷ ಸಾಕು. ವರ್ಷ ತುಂಬದ ಮರಿಗೆ ಗಂಟನ್ನು ನೆಲ ಬಿಟ್ಟು ಎತ್ತಬಾರದು, ಜಿಗಿದರೆ ಬೆಳೆಯುವ ಕೀಲುಗಳಿಗೆ ಪೆಟ್ಟು.

ಈಗಾಗಲೇ ಲಂಚ ರೂಢಿಯಾಗಿದ್ದರೆ

ಪರೀಕ್ಷೆ ಸುಲಭ. ಚೀಲ, ಡಬ್ಬಿ ಎಲ್ಲ ಬೇರೆ ಕೋಣೆಯಲ್ಲಿಟ್ಟು, ಖಾಲಿ ಅಂಗೈ ತೋರಿಸಿ ಐದು ಸಲ ‘ಕುಂದ್ರು’ ಎನ್ನಿ. ನಾಲ್ಕು ಸಲ ಕೂತರೆ ಚಿಂತೆಯಿಲ್ಲ. ಒಂದೂ ಇಲ್ಲದಿದ್ದರೆ ಹೊಸ ಮಾತು ಆರಿಸಿಕೊಂಡು ಮೊದಲಿನಿಂದ ಕಲಿಸುವುದೇ ಬೇಗದ ದಾರಿ; ಹಳೆ ಮಾತಿಗೆ ‘ತಿನಿಸು ತೋರಿಸು, ಆಮೇಲೆ ನೋಡೋಣ’ ಎಂಬ ಅರ್ಥ ಅಂಟಿಕೊಂಡಿದೆ.

ಕರೆದರೆ ಬಂದು ಮೂರಡಿ ದೂರ ನಿಲ್ಲುವ ನಾಯಿಯದು ಬೇರೆ ಕಥೆ. ತಿನಿಸು ತೋರಿಸಿ ಕರೆದು, ತಿನ್ನುತ್ತಿದ್ದಂತೆ ಕುತ್ತಿಗೆ ಹಿಡಿದು ಸರಪಳಿ ಹಾಕಿದ್ದರ ಫಲ ಅದು. ಇನ್ನು ಮುಂದೆ ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು, ಕೊರಳಪಟ್ಟಿ ಮುಟ್ಟಿ, ಮತ್ತೆ ಆಡಲು ಬಿಟ್ಟುಬಿಡಬೇಕು. ಸ್ನಾನಕ್ಕೆ, ಇಂಜೆಕ್ಷನ್‌ಗೆ ಕರೆಯುವ ಮಾತು ಬಳಸದೆ ನೀವೇ ಹೋಗಿ ಕರೆತನ್ನಿ.

ಬೊಗಳಿ ತಿನಿಸು ಗಿಟ್ಟಿಸುವುದನ್ನು ನಿಲ್ಲಿಸುವಾಗ ಮೊದಲ ಕೆಲವು ದಿನ ಬೊಗಳು ಜೋರಾಗುತ್ತದೆ. ಇಷ್ಟು ದಿನ ಸಿಗುತ್ತಿದ್ದದ್ದು ನಿಂತರೆ ಹೀಗಾಗುವುದು ಸಹಜ. ಬೇಸತ್ತು ಐದನೇ ದಿನ ಒಂದು ಬಿಸ್ಕತ್ ಎಸೆದರೆ, ಇನ್ನೂ ಜೋರಾಗಿ ಬೊಗಳಬೇಕು ಎಂಬುದನ್ನೇ ಕಲಿಸಿದಂತೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿಟ್ಟು, ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸಿ ಶುರು ಮಾಡಿ. ಕದ್ದು ತಿನಿಸು ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಪ್ರೀತಿಯಿಂದಲೇ. ಅವರ ಕೈಗೇ ಕ್ಲಿಕ್ಕರ್ ಕೊಡುವುದು ಜಗಳಕ್ಕಿಂತ ಒಳ್ಳೆಯ ಉಪಾಯ.

ಹಗ್ಗ ಜಾರಿ ನಾಯಿ ಹೊಸಪೇಟೆ ರಸ್ತೆಯ ಲಾರಿಗಳ ನಡುವೆ ಓಡಿದರೆ ಈ ಯಾವ ನಿಯಮವೂ ಬೇಡ. ಕೈಯಲ್ಲಿದ್ದದ್ದನ್ನು ತೋರಿಸಿ, ಕವರ್ ಸದ್ದು ಮಾಡಿ, ಕೂಗಿ ಕರೆಯಿರಿ; ಜೀವ ಉಳಿಯಲಿ.

ಕೊಳ್ಳುವವರು ಪೂರ್ತಿ ಸೆಟ್ ಬದಲು ಬಿಡಿ ಕ್ಲಿಕ್ಕರ್ ಎರಡು ತೆಗೆದುಕೊಳ್ಳಿ, ಒಂದು ಖಂಡಿತ ಕಳೆಯುತ್ತದೆ. ಚೀಲಕ್ಕೆ ಸ್ಪ್ರಿಂಗ್ ಬಾಯಿ, ಪ್ರತ್ಯೇಕ ಬೆಲ್ಟ್, ಹೊರಗೆ ತೆಗೆದು ತೊಳೆಯುವ ಒಳಪದರ, ಈ ಮೂರೂ ಇದ್ದರೆ ಮಾತ್ರ ದುಡ್ಡು ಹಾಕಿ. ಕಿವಿ ಕೇಳದ ಮುದಿ ನಾಯಿ ಇರುವವರಿಗೆ ಕ್ಲಿಕ್ಕರ್ ಬೇಕಿಲ್ಲ: ಹೆಬ್ಬೆರಳು ಎತ್ತಿ ತೋರಿಸುವುದನ್ನೇ ಟಕ್ ಬದಲು ಬಳಸಿ, ಉಳಿದ ಕ್ರಮವೆಲ್ಲ ಇದೇ. ಟಾರ್ಚ್ ಬೆಳಕನ್ನು ಮಾತ್ರ ಬಳಸಬೇಡಿ, ಕೆಲವು ನಾಯಿಗಳು ಗೋಡೆಯ ಮೇಲಿನ ಬೆಳಕನ್ನು ಅಟ್ಟುವ ಚಟ ಹಿಡಿಸಿಕೊಳ್ಳುತ್ತವೆ.